ಜಾವಾ ರಾಯರು

ಮೈಸೂರಿನ ಹಳೇ ಬಡಾವಣೆಗಳಲ್ಲಿ ಬೀದಿಗೊಬ್ಬರಾದರೂ ಜಾವಾ ರಾಯರು ಇರುತ್ತಾರೆ. ನಿವೃತ್ತರು. ಮಗ ಹೊರದೇಶದಲ್ಲಿ, ಸಕ್ಕರೆ ಹತೋಟಿಯಲ್ಲಿ. ಶೆಡ್ಡಿನೊಳಗೆ ಹಳೇ ಜಾವಾ ಬೈಕು, ಬೀದಿಯ ಬಿಸಿಲಲ್ಲಿ ಕಾರು. "ಗಾಡಿ ಓಡುತ್ತಾ ಸಾರ್?" ಎಂದು ಕೇಳಿ ನೋಡಿ. "ಎಂಜಿನ್ ಇಳಿಸಿದ್ದೀನಿ" ಎನ್ನುತ್ತಾರೆ, ಮಗಳಿಗೆ ಗಂಡು ಗೊತ್ತಾಯಿತು ಎನ್ನುವ ಗತ್ತಿನಲ್ಲಿ.

ಆಮೇಲೆ ನಿಮಗೆ ಬಿಡುಗಡೆಯಿಲ್ಲ. ಯಾದವಗಿರಿಯ ಕಾರ್ಖಾನೆ 1961ರಲ್ಲಿ ಶುರುವಾದದ್ದು, 1996ರಲ್ಲಿ ಬಾಗಿಲು ಹಾಕಿದ್ದು, ಎಲ್ಲವನ್ನೂ ಸ್ವಂತ ಮನೆತನದ ಏಳುಬೀಳಿನಂತೆ ಹೇಳುತ್ತಾರೆ. "ಗೇರ್ ಲಿವರೇ ಕಿಕ್ಕರ್ ಕಣ್ರೀ! ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿ, ಒದೀಬೇಕು. ಈಗಿನ ಹುಡುಗರಿಗೆ ಬಟನ್ ಬಿಟ್ಟು ಏನು ಗೊತ್ತು?"

ಮೆಕ್ಯಾನಿಕ್ಕುಗಳನ್ನು ರಾಯರು ನಂಬುವುದಿಲ್ಲ. ಎಂಜಿನ್ನನ್ನು ಮನೆಯಲ್ಲೇ ಕಟ್ಟುವುದು ಅವರ ವ್ರತ. ಸಿಲಿಂಡರ್ ಬೋರ್ ಆಗಿದ್ದು ಲೇತ್ ಅಂಗಡಿಯಲ್ಲಿ, ಅದು ಬೇರೆ ಮಾತು. ಕ್ರ್ಯಾಂಕನ್ನು ಪ್ರೆಸ್ಸಿಗೆ ಹಾಕಿ ಕನೆಕ್ಟಿಂಗ್ ರಾಡ್ ಬದಲಾಯಿಸಿ ನೇರ ಮಾಡಿಕೊಟ್ಟವರು ಒಬ್ಬ ಹಳೇ ಮೇಸ್ತ್ರಿ. ರಾಯರು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಸಲಹೆ ಕೊಟ್ಟರು. ಆಯಿಲ್ ಸೀಲುಗಳು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಂದವು. ಉಳಿದದ್ದು ಸೀಮೆಎಣ್ಣೆಯಲ್ಲಿ ತೊಳೆಯುವ ಕೆಲಸ. ಅದನ್ನು ನಿಜಕ್ಕೂ ಮನೆಯಲ್ಲೇ ಮಾಡಿದರು, ಪಲ್ಯದ ಬೇಸಿನ್ನಿನಲ್ಲಿ.

ಬೇರಿಂಗ್ ಕೂರಿಸುವ ದಿನ ಮಾತ್ರ ಮನೆಮಂದಿಯೆಲ್ಲ ಬೇಕು. ಅಲ್ಯೂಮಿನಿಯಂ ಕೇಸ್ ಕಾದರೆ ಹಿಗ್ಗುತ್ತದೆ, ಬೇರಿಂಗ್ ತಣ್ಣಗಾದರೆ ಕುಗ್ಗುತ್ತದೆ; ಸುತ್ತಿಗೆಯ ಏಟಿಲ್ಲದೆ ತಾನೇ ಜಾರಿ ಕೂರಬೇಕು. ಹಾಗಾಗಿ ಕೇಸು ಓವನ್ನಿಗೆ, ಬೇರಿಂಗ್ ಫ್ರೀಜರಿಗೆ. ಹಿಂದಿನ ರಾತ್ರಿ ಐಸ್‌ಕ್ರೀಮ್ ಹುಡುಕಿದ ಮೊಮ್ಮಗನ ಕೈಗೆ ಗ್ರೀಸ್ ಹತ್ತಿತ್ತು.

ಇಗ್ನಿಷನ್ ಟೈಮಿಂಗಿಗೆ ಸಿಗರೇಟಿನ ತೆಳು ಕಾಗದ ಬೇಕು. ಪಾಯಿಂಟ್ ನಡುವೆ ಸಿಕ್ಕಿಸಿ ಕ್ರ್ಯಾಂಕ್ ತಿರುಗಿಸುತ್ತ ಮೆಲ್ಲಗೆ ಎಳೆಯುತ್ತಿದ್ದರೆ, ಪಾಯಿಂಟ್ ಬಿಟ್ಟುಕೊಳ್ಳುವ ಕ್ಷಣಕ್ಕೆ ಕಾಗದ ಸಡಿಲವಾಗುತ್ತದೆ. ಬೀಡಿಯನ್ನೂ ಮುಟ್ಟದ ರಾಯರು ಪೆಟ್ಟಿಗೆ ಅಂಗಡಿಯಲ್ಲಿ ಬಿಡಿ ಸಿಗರೇಟು ಕೊಂಡದ್ದು ಸಂಜೆಯೊಳಗೆ ಸತ್ಯನಾರಾಯಣ ಪೂಜೆಯ ಮನೆವರೆಗೂ ತಲುಪಿತ್ತು. ಹೊಗೆಸೊಪ್ಪನ್ನು ತುಳಸಿ ಬುಡಕ್ಕೆ ಸುರಿದದ್ದೇ ದೊಡ್ಡ ಅಪರಾಧವೆಂದು ಅವರ ಹೆಂಡತಿಯ ತೀರ್ಪು.

ಜುಲೈ ಎರಡನೇ ಭಾನುವಾರದ ಜಾವಾ ದಿನಕ್ಕೆ ಗಾಡಿ ಸಿದ್ಧವಾಗಲೇಬೇಕು ಎಂಬುದು ಪ್ರತಿ ವರ್ಷದ ಶಪಥ. ಈ ಸಲ ಆಗಿಯೇ ಹೋಯಿತು. ಹಿಂದಿನ ದಿನ ಒದ್ದರು, ಹತ್ತಿತು. ಬೀದಿ ಜನ ಚಪ್ಪಾಳೆ ಹೊಡೆದರು. ರಾಯರ ಮುಖ ಮಾತ್ರ ಯಾಕೋ ಸಪ್ಪಗಿತ್ತು. ಓಡುವ ಗಾಡಿಯನ್ನು ಇಟ್ಟುಕೊಂಡು ನಾಳೆಯಿಂದ ಮಾಡುವುದೇನು?

ಅಷ್ಟರಲ್ಲಿ ಬಿಳಿ ಹೊಗೆ ದಟ್ಟವಾಗಿ ಎದುರುಮನೆಯ ಹಪ್ಪಳದ ಮೇಲೆ ಇಳಿಯಿತು. ಅಡುಗೆಮನೆಯ ಕಿಟಕಿಯಿಂದ ದನಿ ಬಂತು:

"ರೀ, ಎಡಗಡೆ ಸೀಲು ಗೇರ್ ಆಯಿಲ್ ಎಳೀತಿದೆ. ಕ್ಲಚ್ ಬಿಚ್ಚಬೇಕು ನೋಡಿ."

"ಹೌದಲ್ವೇನೇ?" ಎಂದ ರಾಯರು ಅರಳಿದ ಮುಖದಿಂದ ಎಂಜಿನ್ ಆರಿಸಿದರು. "ಆ ಬೇಸಿನ್ ಒಂಚೂರು ಈ ಕಡೆ ಕೊಡು."