ಜಲಜನಕ ಸಂಬಂಧ ಮೀಮಾಂಸೆ

ಪೀಠಿಕೆ: ಬೀಗತನದ ಶಾಸ್ತ್ರಗಳನ್ನೆಲ್ಲ ವಿಧಿಸಿದ ನಮ್ಮ ಹಿರಿಯರು ಅಣುಗಳ ಬೀಗತನವನ್ನು ಅದೇಕೋ ಕೈಬಿಟ್ಟರು. ಆ ಕೊರತೆಯನ್ನು ನೀಗಲು ಈ ಗ್ರಂಥ. ಗಾತ್ರ ಒಂದೇ ಪುಟವಾದರೂ ಇದನ್ನು ಗ್ರಂಥವೆಂದೇ ಕರೆಯತಕ್ಕದ್ದು. ಜಲಜನಕ ಬಂಧದ ಕಲ್ಪನೆಯನ್ನು 1920ರಲ್ಲಿ ಮಂಡಿಸಿದವರು ಅಮೆರಿಕದ ಲ್ಯಾಟಿಮರ್ ಮತ್ತು ರೋಡ್‌ಬುಷ್. ರಸಾಯನಜ್ಞರ ಅಂತರರಾಷ್ಟ್ರೀಯ ಒಕ್ಕೂಟ ಅದರ ಲಕ್ಷಣವನ್ನು 2011ರಲ್ಲೂ ತಿದ್ದುತ್ತಿತ್ತು. 91 ವರ್ಷವಾದರೂ ಮಾತುಕತೆ ಮುಗಿಯದಿದ್ದರೆ ನಡುವೆ ಬಾಯಿ ಹಾಕುವ ಹಕ್ಕು ಪ್ರಸ್ತುತ ಲೇಖಕನಿಗೂ ಬರುತ್ತದೆ.

ಸೂತ್ರ 1: ಕೊಟ್ಟು ತರುವುದೇ ಸಂಬಂಧ.
ವೃತ್ತಿ: ಅಸಿಟಿಕ್ ಆಮ್ಲದ ಎರಡು ಅಣುಗಳು ಎದುರುಬದುರು ನಿಂತು ಒಂದು ಜಲಜನಕ ಕೊಟ್ಟು ಒಂದು ತರುತ್ತವೆ. ಕೊಟ್ಟ ಜಲಜನಕವಾದರೋ ತವರಿನ ಆಮ್ಲಜನಕವನ್ನು ಬಿಡದೆಯೇ ಎದುರುಮನೆಯ ಆಮ್ಲಜನಕದತ್ತ ವಾಲುತ್ತದೆ. ಈ ವಾಲುವಿಕೆಯ ಬೆಲೆ ಮೋಲ್‌ಗೆ ಸುಮಾರು 30 ಕಿಲೋಜೂಲ್. ತವರಿನ ನಂಟು ಅದರ 15 ಪಟ್ಟು.

ಸೂತ್ರ 2: ನೆರೆಯವರ ಉದಾಸೀನವೇ ಆಶೀರ್ವಾದ.
ವೃತ್ತಿ: ಈ ಆಮ್ಲವನ್ನು ಬೆಂಜೀನ್‌ನಲ್ಲಿ ಕರಗಿಸಿ, ಹೆಪ್ಪುಗಟ್ಟುವ ತಾಪ ಎಷ್ಟು ಇಳಿಯಿತೆಂದು ನೋಡಿ ಲೆಕ್ಕ ಹಾಕಿದರೆ 60 ಇರಬೇಕಾದ ಅಣುತೂಕ 120ರ ಹತ್ತಿರ ಬರುತ್ತದೆ. ಜೋಡಿ ಅಗಲಿಲ್ಲ ಎಂದರ್ಥ. ಬೆಂಜೀನಿಗೆ ಕೊಡುವ ಯೋಗ್ಯತೆಯಿಲ್ಲ, ತರುವ ಉತ್ಸಾಹವೂ ಅಷ್ಟಕ್ಕಷ್ಟೆ.

ಸೂತ್ರ 3: ಅತಿ ಉಪಚಾರ ಸಂಬಂಧನಾಶಕ.
ವೃತ್ತಿ: ನೀರು ಕೊಡಲೂ ಬಲ್ಲದು, ತರಲೂ ಬಲ್ಲದು. ಮೇಲಾಗಿ ಲೀಟರಿಗೆ 55 ಮೋಲ್‌ನಂತೆ ದಿಬ್ಬಣಗಟ್ಟಿ ಬರುತ್ತದೆ. ಅಷ್ಟು ಮಂದಿ ಹೊಸ ಬೀಗರ ನಡುವೆ ಹಳೆಯ ಜೋಡಿ ಉಳಿದೀತೇ? ಗೋಬಿ ಮಂಚೂರಿ ಗಾಡಿಯ ವಿನೆಗರ್‌ನಲ್ಲಿ ಆಮ್ಲದ ಅಣುಗಳು ಬಹುಪಾಲು ಪರಸ್ಪರ ಅಪರಿಚಿತರು. ಡೈಮೀಥೈಲ್ ಸಲ್ಫಾಕ್ಸೈಡ್ ಎಂಬ ದ್ರಾವಕ ಇನ್ನೊಂದು ಬಗೆ: ಕೊಡಲು ಯೋಗ್ಯವಾದ ಜಲಜನಕ ಅದರ ಬಳಿ ಇಲ್ಲ, ತರುವುದರಲ್ಲಿ ಮಾತ್ರ ಎತ್ತಿದ ಕೈ. ಇಂಥ ಬೀಗರನ್ನು ಓದುಗರು ಬಲ್ಲರಾದ್ದರಿಂದ ವಿಸ್ತರಿಸುವುದಿಲ್ಲ.

ಸೂತ್ರ 4: ಸ್ವಗೃಹ ಸಂಬಂಧಕ್ಕೂ ಇದೇ ಗತಿ.
ವೃತ್ತಿ: ಅಸಿಟೈಲ್ ಅಸಿಟೋನ್ ಅಣು ಈನಾಲ್ ರೂಪ ತಾಳಿ ತನ್ನೊಳಗೇ ಜಲಜನಕ ಬಂಧ ಬೆಸೆದುಕೊಳ್ಳುತ್ತದೆ. ಬೆಂಜೀನಿನಂತೆ ಉದಾಸೀನವಾದ ಹೆಕ್ಸೇನ್‌ನಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಅಣುಗಳು ಈ ರೂಪದಲ್ಲಿದ್ದರೆ, ನೀರಿನಲ್ಲಿ 20 ಕೂಡ ಇರುವುದಿಲ್ಲ.

ಪೂರ್ವಪಕ್ಷ: ಹಾಗಾದರೆ ಡಿಎನ್‌ಎ? ಅದರ ಎರಡು ಎಳೆಗಳನ್ನು ಕೂಡಿಸಿರುವುದೂ ಜಲಜನಕ ಬಂಧಗಳೇ, ಜೀವಕೋಶದ ತುಂಬ ಇರುವುದೂ ನೀರೇ. ನಿಮ್ಮ ಮೂರನೆಯ ಸೂತ್ರದ ಪ್ರಕಾರ ನಾವು ಯಾರೂ ಹುಟ್ಟಿರಕೂಡದು.

ಸಿದ್ಧಾಂತ: ಆಕ್ಷೇಪ ಘನವಾದದ್ದು, ಆದರೆ ಅಪೂರ್ಣ. ಡಿಎನ್‌ಎಯ ಪ್ರತ್ಯಾಮ್ಲಗಳು ಒಳಮನೆಯಲ್ಲಿ ಒಂದರ ಮೇಲೊಂದು ಒತ್ತೊತ್ತಾಗಿ ಕೂತಿವೆ. ನೀರಿನ ಉಪಚಾರವೆಲ್ಲ ಜಗುಲಿಯಲ್ಲೇ ಮುಗಿಯುತ್ತದೆ. ಎಳೆಗಳು ನಿಲ್ಲುವುದರಲ್ಲಿ ಈ ಒತ್ತಿನ ಪಾಲು ಬಹಳ ದೊಡ್ಡದು. ಒಳಮನೆಗೂ ನುಗ್ಗಬಲ್ಲ ಫಾರ್ಮಮೈಡ್ ಎಂಬ ದ್ರಾವಕ ಬೆರೆಸಿ ನೋಡಿ, ಎಳೆಗಳು ಕಡಿಮೆ ಬಿಸಿಗೇ ಬೇರೆಯಾಗುತ್ತವೆ. ಪ್ರಯೋಗಶಾಲೆಗಳಲ್ಲಿ ಇದು ದಿನನಿತ್ಯದ ಉಪಾಯ. ಆಕ್ಷೇಪದಿಂದ ಸೂತ್ರಕ್ಕೆ ಬಲವೇ ಬಂದಿತೆಂದು ತಿಳಿಯತಕ್ಕದ್ದು.

ಫಲಶ್ರುತಿ: ಇದನ್ನು ನಿತ್ಯ ಪಠಿಸಿದವರಿಗೆ ಪುಣ್ಯ ಬರುವ ಭರವಸೆ ಇಲ್ಲ. ಆದರೆ ಪರೀಕ್ಷೆಯಲ್ಲಿ ‘ಜಲಜನಕ ಬಂಧ ಎಷ್ಟು ಗಟ್ಟಿ?’ ಎಂಬ ಪ್ರಶ್ನೆ ಬಂದರೆ, ‘ಯಾವ ದ್ರಾವಕದಲ್ಲಿ, ಸ್ವಾಮಿ?’ ಎಂದು ಮೊದಲು ಕೇಳಿ. ಅದನ್ನು ಹೇಳದೆ ಕೊಟ್ಟ ಉತ್ತರ ಯಾವುದೂ ಪೂರ್ಣವಲ್ಲ.