ಶ್ರೀಮಾನ್ ಕಾನ್ಫಿಗರ್ ಸ್ಕ್ರಿಪ್ಟ್ ಅವರ ಸನ್ನಿಧಾನಕ್ಕೆ

ಮಾನ್ಯರೇ,

ತಮ್ಮ ಹೊಂದಾಣಿಕೆ ಗುಣ ಲೋಕಪ್ರಸಿದ್ಧ. ಬಿಲ್ಡ್ ಆಗುವ ಯಂತ್ರದಲ್ಲಿ ಲೈಬ್ರರಿ ಕಣ್ಣಿಗೆ ಬಿದ್ದರೆ ಸೇರಿಸಿಕೊಳ್ಳುತ್ತೀರಿ, ಬೀಳದಿದ್ದರೆ ಕೈಬಿಡುತ್ತೀರಿ. ಎರಡಕ್ಕೂ ಯಾರನ್ನೂ ಕೇಳುವ ಪದ್ಧತಿಯಿಲ್ಲ. ನೂರಾರು ಸಾಲುಗಳ ನಡುವೆ ಎಲ್ಲೋ ಒಮ್ಮೆ ‘ನೋ’ ಎಂದು ಗೊಣಗಿ, ಏನೂ ಆಗಿಲ್ಲವೆಂಬಂತೆ ಮೇಕ್‌ಫೈಲ್ ಕೈಗಿಡುತ್ತೀರಿ. ಜೆಂಟೂ ಲಿನಕ್ಸ್‌ನವರು ಇದನ್ನು ‘ಆಟೊಮ್ಯಾಜಿಕ್’ ಅವಲಂಬನೆ ಎಂದು ಕರೆದು ದೋಷಗಳ ಸಾಲಿಗೆ ಸೇರಿಸಿದ್ದಾರೆ. ಗುಣಗ್ರಾಹಿಗಳಲ್ಲ ಬಿಡಿ.

ಚಿತ್ರಗಳನ್ನು ತಿದ್ದುವ ಇಮೇಜ್‌ಮ್ಯಾಜಿಕ್‌ನಲ್ಲಿ ಅಕ್ಷರ ಜೋಡಿಸುವ ‘ರಕ್ಮ್’ ಲೈಬ್ರರಿ ಐಚ್ಛಿಕ. ಅದಿಲ್ಲದೆ ಕಟ್ಟಿದರೂ ಚಿತ್ರ ತಿರುಗುತ್ತದೆ, ಕಿರಿದಾಗುತ್ತದೆ, ಮೇಲೆ ಇಂಗ್ಲಿಷ್ ಸಾಲು ಲಕ್ಷಣವಾಗಿ ಮೂಡುತ್ತದೆ. ‘ಕನ್ನಡ’ ಎಂದು ಬರೆಸಿದಾಗ ಮಾತ್ರ ಒತ್ತು ಕೆಳಗಿಳಿಯದೆ ‘ಕನ್‌ನಡ’ ಎಂದು ಬಿಡಿಬಿಡಿಯಾಗಿ ನಿಲ್ಲುತ್ತದೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಬಳಕೆದಾರ ಫಾಂಟ್ ಬದಲಿಸುತ್ತಾನೆ, ಯೂನಿಕೋಡಿಗೆ ಶಾಪ ಹಾಕುತ್ತಾನೆ. ಕೊನೆಗೆ ಯಾರೋ ಪುಣ್ಯಾತ್ಮರು ಹೇಳಿದ ಮೇಲೆ ವರ್ಷನ್ ವಿವರದ ‘ಡೆಲಿಗೇಟ್ಸ್’ ಸಾಲು ನೋಡಿದರೆ, ಫ್ರೀಟೈಪ್ ಇದೆ, ಜೆಪೆಗ್ ಇದೆ, ರಕ್ಮ್ ಇಲ್ಲ.

ಡೆಬಿಯನ್‌ನವರು ಪ್ರತಿ ಪ್ಯಾಕೇಜನ್ನೂ ಕನಿಷ್ಠ ಪ್ಯಾಕೇಜುಗಳಷ್ಟೇ ಇರುವ ‘ಕ್ರೂಟ್’ ಎಂಬ ಪ್ರತ್ಯೇಕ ಪರಿಸರದಲ್ಲಿ ಕಟ್ಟುತ್ತಾರೆ. ಹಾಗಾಗಿ ‘ಬಿಲ್ಡ್-ಡಿಪೆಂಡ್ಸ್’ ಪಟ್ಟಿಯಲ್ಲಿ ಒಂದು ಲೈಬ್ರರಿಯ ಹೆಸರು ಮರೆತರೂ ಸಾಕು, ತಾವು ಆ ಸೌಲಭ್ಯವನ್ನು ಸದ್ದಿಲ್ಲದೆ ಸಾಗಹಾಕುತ್ತೀರಿ.

ಹಾಗೆಂದು ಸಿಕ್ಕಿದ್ದನ್ನೆಲ್ಲ ತುರುಕಿ ಎಂಬ ಅರ್ಜಿ ಇದಲ್ಲ. 2024ರ ಮಾರ್ಚ್‌ನಲ್ಲಿ ಫೈಲ್ ಕುಗ್ಗಿಸುವ ಎಕ್ಸ್‌ಝಡ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಪತ್ತೆಯಾಯಿತು. ಅದರ ಗುರಿ ಎಸ್‌ಎಸ್‌ಎಚ್ ಸರ್ವರ್. ಮೂಲ ಓಪನ್‌ಎಸ್‌ಎಸ್‌ಎಚ್‌ಗೆ ಎಕ್ಸ್‌ಝಡ್‌ನ ಗೊಡವೆಯೇ ಇರಲಿಲ್ಲ. ಸರ್ವರ್ ಸಿದ್ಧವೆಂದು, ಸೇವೆಗಳನ್ನು ನಿಭಾಯಿಸುವ ಸಿಸ್ಟಮ್‌ಡಿಗೆ ಒಂದು ಸಂದೇಶ ಕಳಿಸಲು ಡೆಬಿಯನ್, ಫೆಡೋರಾ ಮುಂತಾದವರು ಪ್ಯಾಚ್ ಹಾಕಿ ಲಿಬ್‌ಸಿಸ್ಟಮ್‌ಡಿಯನ್ನು ಕರೆತಂದರು. ಕರೆದ ನೆಂಟನ ಬೆನ್ನಿಗೆ ಕರೆಯದ ಎಕ್ಸ್‌ಝಡ್ ಲೈಬ್ರರಿ ಲಿಬ್‌ಎಲ್‌ಝಡ್‌ಎಂಎಯೂ ಒಳಬಂತು. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯೆಂದು ಡೆವಲಪರ್ ಆಂಡ್ರೆಸ್ ಫ್ರಾಯಿಂಡ್ ಬೆನ್ನು ಹತ್ತಿದ್ದರಿಂದ ಗುಟ್ಟು ರಟ್ಟಾಯಿತು. ಅದೇ ವರ್ಷದ ಜುಲೈನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.8 ಆ ಸಂದೇಶವನ್ನು ಯಾವ ಲೈಬ್ರರಿಯ ಹಂಗೂ ಇಲ್ಲದೆ ತಾನೇ ಕಳಿಸುತ್ತದೆ.

ತಮ್ಮ ಕಿರಿಯ ಬಂಧು ಮೆಸಾನ್ ಎಂಬ ಬಿಲ್ಡ್ ವ್ಯವಸ್ಥೆ ಪ್ರತಿ ಐಚ್ಛಿಕ ಸೌಲಭ್ಯಕ್ಕೂ ಮೂರು ಉತ್ತರ ಇಟ್ಟುಕೊಂಡಿದೆ: ಎನೇಬಲ್ಡ್, ಡಿಸೇಬಲ್ಡ್, ಆಟೊ. ಫೆಡೋರಾದ ಮ್ಯಾಕ್ರೋ ‘ಆಟೊ’ಗಳನ್ನೆಲ್ಲ ‘ಎನೇಬಲ್ಡ್’ ಮಾಡಿಬಿಡುತ್ತದೆ; ಲೈಬ್ರರಿ ಸಿಗದಿದ್ದರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಬೇಡದ್ದಕ್ಕೆ ಪ್ಯಾಕೇಜರ್ ತಾನೇ ‘ಡಿಸೇಬಲ್ಡ್’ ಎಂದು ಬರೆಯಬೇಕು.

ತಮ್ಮಲ್ಲೂ ‘ವಿತ್’, ‘ವಿತೌಟ್’ ಎಂಬ ಆಯ್ಕೆಗಳಿವೆ. ‘ವಿತ್’ ಎಂದು ಬರೆದುಕೊಟ್ಟ ಮೇಲೂ ಲೈಬ್ರರಿ ಸಿಗದಿದ್ದರೆ ದಯವಿಟ್ಟು ಹೊಂದಿಕೊಂಡು ಹೋಗಬೇಡಿ, ಕೆಲಸ ನಿಲ್ಲಿಸಿ ಜಗಳಕ್ಕೆ ಬನ್ನಿ. ರಿಲೀಸ್‌ನ ಹಿಂದಿನ ರಾತ್ರಿಯಾದರೂ ಪ್ಯಾಕೇಜರುಗಳ ತಕರಾರಿಲ್ಲ.

ಇಂತಿ,
ತಮ್ಮ ಲಾಗ್ ಫೈಲ್‌ಗಳ ಖಾಯಂ ಓದುಗರ ಪರವಾಗಿ