ಬದನೆಕಾಯಿಗೊಂದು ಸ್ಮೋಕರ್

ಅಮೆರಿಕದಲ್ಲಿ ಸ್ವಂತ ಮನೆ ಕೊಂಡ ಕನ್ನಡಿಗನಿಗೆ ಎರಡು ಉಪದ್ವ್ಯಾಪಗಳು ಒಟ್ಟಿಗೇ ಗಂಟುಬೀಳುತ್ತವೆ: ಮನೆಯ ಮುಂದೆ ಹುಲ್ಲು ಕತ್ತರಿಸುವುದು, ಹಿಂದೆ ಹೊಗೆ ಎಬ್ಬಿಸುವುದು. ಅಪಾರ್ಟ್‌ಮೆಂಟಿನಲ್ಲಿ ಇರುವ ತನಕ ಎರಡರ ತಂಟೆಯೂ ಇಲ್ಲ. ಹುಲ್ಲು ಯಾರದೋ, ಮರದ ಬಾಲ್ಕನಿಯಲ್ಲಿ ಇದ್ದಿಲು ಹೊತ್ತಿಸಲು ಅಲ್ಲಿನ ಫೈರ್ ಕೋಡು ಬಿಡುವುದಿಲ್ಲ. ಸಾಲ ಮಾಡಿ ಮನೆ ಕೊಂಡು, ಹಿಂದುಗಡೆ ಒಂದಿಷ್ಟು ಖಾಲಿ ಜಾಗ ಕಂಡಿತೋ, ಮನುಷ್ಯನ ಗುಣವೇ ಬದಲಾಗುತ್ತದೆ. ಆಸ್ಟಿನ್ನಿನಲ್ಲಿರುವ ನಮ್ಮ ಮಗನಿಗೂ ಹೀಗೇ ಆಯಿತು. ಗೃಹಪ್ರವೇಶದ ತೋರಣ ಒಣಗುವ ಮೊದಲೇ ಅವನು ಸ್ಮೋಕರ್‌ಗಳ, ಅಂದರೆ ಹೊಗೆಯಲ್ಲಿ ಅಡುಗೆ ಬೇಯಿಸುವ ಒಲೆಗಳ ಬಗ್ಗೆ ಒಂದು ಎಕ್ಸೆಲ್ ಶೀಟು ತಯಾರಿಸಿದ್ದ.

ಇದರಲ್ಲಿ ಸ್ವಲ್ಪ ತಪ್ಪು ನಮ್ಮ ಬೆಂಗಳೂರಿನದೂ ಇದೆ. 1898ರ ಪ್ಲೇಗಿನ ಹೊಡೆತಕ್ಕೆ ಪೇಟೆಯ ಜನ ಹೊರಗೆ ಬಂದು ಬಸವನಗುಡಿ, ಮಲ್ಲೇಶ್ವರಗಳಲ್ಲಿ ನೆಲೆನಿಂತಾಗ ಮನೆಗೊಂದು ಹಿತ್ತಲು, ಹಿತ್ತಲಿಗೊಂದು ಬಚ್ಚಲಮನೆ, ಬಚ್ಚಲಿಗೊಂದು ಹಂಡೆ ಒಲೆ ಅಂತ ಇತ್ತು. ಈಗ ಗಾಂಧಿಬಜಾರಿನ ಅಡ್ಡರಸ್ತೆಗಳಲ್ಲಿ ಹಿತ್ತಲು ಹುಡುಕಿದರೆ ಸಿಗುವುದು ಪಕ್ಕದ ಅಪಾರ್ಟ್‌ಮೆಂಟಿನ ಜನರೇಟರು. ಇಲ್ಲಿ ಕಳೆದುಹೋದ ಹಿತ್ತಲು ಅಲ್ಲಿ ಸಿಕ್ಕಾಗ ಹುಡುಗರು ಬೆಂಕಿ ಹಚ್ಚದೆ ಇನ್ನೇನು ಮಾಡಿಯಾರು?

ನಮಗೆ ಬೆಳಗಿನ ಕಾಫಿ, ಅವರಿಗೆ ರಾತ್ರಿಯ ಊಟ. ಆ ಹೊತ್ತಿಗೆ ವಿಡಿಯೋ ಕಾಲ್. ಮಗ ಶೀಟು ತೋರಿಸಿದ. ಕೊನೆಯ ಕಾಲಮ್ಮಿಗೆ ಹಳದಿ ಬಣ್ಣ: ಗಂಟೆಗೆ ಎಷ್ಟು ಇದ್ದಿಲು ತಿನ್ನುತ್ತದೆ. ಡಾಲರಿನಲ್ಲಿ ಸಂಬಳ ಬಂದರೂ, ರೂಮಿನಿಂದ ಹೊರಗೆ ಕಾಲಿಡುವ ಮುಂಚೆ ಫ್ಯಾನ್ ಆರಿಸುವ ಮನೆಯಲ್ಲಿ ಬೆಳೆದ ಹುಡುಗ.

"ಅದರಲ್ಲಿ ಏನು ಮಾಡ್ತಾರೋ?" ಅಂದಳು ನಮ್ಮವಳು.

"ಬ್ರಿಸ್ಕೆಟ್ ಅದೂ ಇದೂ ಮಾಡ್ತಾರಮ್ಮ."

"ಹಾಗಂದ್ರೆ?"

ಸೊಸೆ ಜಾಣೆ. "ಅದೊಂದು ಥರ ನಿಧಾನದ ಅಡುಗೆ ಅತ್ತೆ" ಅಂದಳು.

"ಅವರು ಮಾಡೋದು ಇರಲಿ, ನೀನೇನು ಮಾಡ್ತೀಯ?"

ಹತ್ತು ಸಾವಿರ ಮೈಲಿಯಾಚೆ ಮಗ ಸ್ವಲ್ಪ ಹೊತ್ತು ಯೋಚಿಸಿದ. ಮೊಟ್ಟೆಯನ್ನೂ ಕೇಕಿನ ಒಳಗೆ ಅಡಗಿದ್ದರೆ ಮಾತ್ರ ತಿನ್ನುವ ಪುಳಿಚಾರಿನ ಮನೆತನ ನಮ್ಮದು. ಕೊನೆಗೆ, "ಬದನೆಕಾಯಿ" ಅಂದ.

ಹೊಗೆಗೂ ನಮಗೂ ಸಂಬಂಧವಿಲ್ಲ ಎಂದು ಇದರರ್ಥವಲ್ಲ. ಕೊಡಗಿನವರು ಒಲೆಯ ಮೇಲೆ ಮಾಂಸ ತೂಗುಹಾಕಿ ಹೊಗೆಯಲ್ಲಿ ಒಣಗಿಸಿದರೆ, ನಮ್ಮ ಮನೆಗಳಲ್ಲಿ ಹೊಗೆ ಹಾಕುತ್ತಿದ್ದುದು ಮಕ್ಕಳಿಗೆ. ಎಣ್ಣೆ ನೀರು ಹಾಕಿ, ಅಗ್ಗಿಷ್ಟಿಕೆಯ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಮೇಲೊಂದು ಬುಟ್ಟಿ ಕವುಚಿ, ಬುಟ್ಟಿಯ ಮೇಲೆ ಬಟ್ಟೆ ಹರಡಿ, ಮಗುವನ್ನೂ ಬಾಣಂತಿಯ ಕೂದಲನ್ನೂ ಆ ಹೊಗೆಯಲ್ಲಿ ಹದ ಮಾಡುತ್ತಿದ್ದರು. ಈಗ ಸ್ಮೋಕರ್ ಹುಡುಕುತ್ತಿರುವ ನಮ್ಮ ಮಗನೇ ಆ ಕ್ರಮದಲ್ಲಿ ತಯಾರಾದವನು. ಅಂದು ಖರ್ಚಾಗುತ್ತಿದ್ದುದು ಒಂದು ಹಿಡಿ ಇದ್ದಿಲು. ಆ ಲೆಕ್ಕ ಅವನ ಶೀಟಿನಲ್ಲಿ ಇರಲಿಲ್ಲ.

ಶೀಟಿನ ಮೊದಲ ಸಾಲಿನಲ್ಲಿ ಟೆಕ್ಸಾಸಿನವರ ಹೆಮ್ಮೆಯ ಆಫ್‌ಸೆಟ್ ಸ್ಮೋಕರ್. ಅಡ್ಡಲಾಗಿ ಮಲಗಿದ ಕಬ್ಬಿಣದ ಡ್ರಮ್ಮು, ಪಕ್ಕದಲ್ಲಿ ಬೆಂಕಿಯ ಪೆಟ್ಟಿಗೆ, ಇನ್ನೊಂದು ತುದಿಗೆ ಚಿಮಣಿ. ಬೆಂಕಿ ಒಂದು ಕಡೆ, ಅಡುಗೆ ಇನ್ನೊಂದು ಕಡೆ. ನಡುವೆ ಹೊಗೆಯ ಓಡಾಟ. ಗಂಟೆಗೊಮ್ಮೆ ಎದ್ದು ಸೌದೆ ಕೊಡಬೇಕು. ಅಗ್ಗದವಕ್ಕೆ ತಗಡು ತೆಳು, ಸಂದುಗಳಲ್ಲಿ ಗಾಳಿ. ಅದು ಕಾಯಿಸುವುದು ಅಡುಗೆಯನ್ನಲ್ಲ, ಟೆಕ್ಸಾಸನ್ನು. ಮೇ ತಿಂಗಳಿನಲ್ಲಿ ಟೆಕ್ಸಾಸಿಗೆ ಅದರ ಅಗತ್ಯವೂ ಇಲ್ಲ. ಹೊಡೆದುಹಾಕಿದೆವು.

ಎರಡನೆಯದು ಕೆಟಲ್. 1952ರಲ್ಲಿ ಶಿಕಾಗೋದ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸಿನಲ್ಲಿ ಕೆಲಸಕ್ಕಿದ್ದ ಜಾರ್ಜ್ ಸ್ಟೀಫನ್ ಎಂಬಾತ, ನೀರಿನಲ್ಲಿ ತೇಲಿಬಿಡುವ ಲೋಹದ ಬೋಯಾ ಗುಂಡನ್ನು ಅರ್ಧಕ್ಕೆ ಸೀಳಿದ. ಕೆಳಗಿನರ್ಧಕ್ಕೆ ಕಾಲು, ಮೇಲಿನರ್ಧಕ್ಕೆ ಹಿಡಿ, ಎರಡಕ್ಕೂ ಕಿಂಡಿ ಇಟ್ಟ. ಅಷ್ಟೇ. ಇವತ್ತಿಗೂ ಅಷ್ಟೇ. ಮೂರನೆಯದು ಅದೇ ಕಂಪನಿಯ ಉದ್ದನೆಯ ಸ್ಮೋಕರ್: ಕೆಳಗೆ ಇದ್ದಿಲು, ನಡುವೆ ನೀರಿನ ಬೋಗುಣಿ, ಮೇಲೆ ಜಾಲರಿ. ನಾಲ್ಕನೆಯದು ಹಳದಿ ಕಾಲಮ್ಮಿನಲ್ಲಿ ಎಲ್ಲರನ್ನೂ ಮಣ್ಣುಮುಕ್ಕಿಸಿದ ಕಮಾಡೊ, ಅಂದರೆ ದಪ್ಪ ಗೋಡೆಯ ಪಿಂಗಾಣಿ ಗುಡಾಣ. ಮೂಲದಲ್ಲಿ ಜಪಾನಿನ ಅನ್ನದ ಒಲೆ. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಸೈನಿಕರ ಜೊತೆ ಹಡಗು ಹತ್ತಿತು. ಬಿಗ್ ಗ್ರೀನ್ ಎಗ್ ಎಂಬ ಹೆಸರಿನಲ್ಲಿ 1974ರಿಂದ ಅಟ್ಲಾಂಟಾದಲ್ಲಿ ಮಾರಾಟ. ಒಮ್ಮೆ ಇದ್ದಿಲು ತುಂಬಿದರೆ 107 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹನ್ನೆರಡು ಗಂಟೆ ಮೀರಿ ಕೂತಿರುತ್ತದೆ. ಬೆಲೆ ಸಾವಿರ ಡಾಲರಿನ ಆಚೆ. ತೂಕ 70 ಕಿಲೋ ಮೀರಿ.

1974 ಎಂದ ಕೂಡಲೇ ನನ್ನ ಕಿವಿ ನಿಮಿರಿತು. ಅದೇ ವರ್ಷ ನಮ್ಮ ಮಲ್ಲೇಶ್ವರದ ಮಗ್ಗುಲಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಎಂಬ ಕೇಂದ್ರ ಶುರುಮಾಡಿದ್ದು, ಹಳ್ಳಿಗಳಿಗೆ ವಿಜ್ಞಾನ ಹೊತ್ತೊಯ್ಯಲಿಕ್ಕೆ. ಅಲ್ಲಿಂದ ಹೊರಟದ್ದೇ ಅಸ್ತ್ರ ಒಲೆ: ಸಾಲಾಗಿ ಮೂರು ಪಾತ್ರೆ ಕೂರುವ ಮಣ್ಣಿನ ಒಲೆ, ಬೂದಿ ಉದುರುವ ಜಾಲರಿ, ಲೆಕ್ಕ ಹಾಕಿ ಬಿಟ್ಟ ಗಾಳಿ, ಕೊನೆಗೊಂದು ಹೊಗೆ ಕೊಳವೆ. ಹಳೆಯ ಒಲೆಯಲ್ಲಿ ಸೌದೆಯ ಶಾಖ ನೂರಕ್ಕೆ ಹತ್ತರಷ್ಟೋ ಚೂರು ಹೆಚ್ಚೋ ಪಾತ್ರೆಗೆ ಹತ್ತಿದರೆ, ಇದರಲ್ಲಿ ನಲವತ್ತರ ಆಸುಪಾಸು ಹತ್ತುತ್ತದೆ ಎಂದು ಪರೀಕ್ಷೆ ಮಾಡಿ ತೋರಿಸಿದ್ದರು. ಬಸವನಗುಡಿಯವನಾದ ನಾನು ಮಲ್ಲೇಶ್ವರವನ್ನು ಹೊಗಳುವುದು ಅಪರೂಪ. ಈ ಒಂದಕ್ಕೆ ಹೊಗಳುತ್ತೇನೆ. ಅದನ್ನೂ ಶೀಟಿಗೆ ಸೇರಿಸು ಎಂದೆ. "ಅಪ್ಪ, ಅದು ಅಮೆಜಾನಿನಲ್ಲಿ ಸಿಗಲ್ಲ" ಅಂದ.

ಬೀದಿ ಕೊನೆಯಲ್ಲಿ ಹೊಂಗೆಮರದ ಕೆಳಗೆ ಇಸ್ತ್ರಿ ಗಾಡಿ ಇಟ್ಟಿರುವಾತನನ್ನು ಕೇಳುವುದು ವಾಸಿ ಎನಿಸಿತು. ಅರ್ಧ ಬೆಂಗಳೂರಿನ ಇಸ್ತ್ರಿ ಗಾಡಿಗಳು ಗ್ಯಾಸಿಗೆ ತಿರುಗಿದರೂ ಈತನದು ಇನ್ನೂ ಇದ್ದಿಲ ಪೆಟ್ಟಿಗೆ. ಸ್ಮೋಕರ್ ಎಂದರೆ ಏನು ಎಂದು ಅವನಿಗೆ ವಿವರಿಸಬೇಕಾಗಿ ಬರಲಿಲ್ಲ. ಮುಚ್ಚಳ, ಇದ್ದಿಲು, ತೂತು ಎಂದದ್ದೇ ಸಾಕಾಯಿತು.

"ಇದ್ದಿಲು ತಿನ್ನೋದು ಪೆಟ್ಟಿಗೆ ಅಲ್ಲ ಸಾರ್, ಗಾಳಿ. ಗಾಳಿ ಜಾಸ್ತಿ ಬಿಟ್ರೆ ನಾಲ್ಕು ಷರಟಿಗೆ ಬೂದಿ. ಪೂರ್ತಿ ಮುಚ್ಚಿದ್ರೆ ಆರೋಗ್ತದೆ. ಎಷ್ಟು ಬಟ್ಟೆ ಇದೆ, ಅದನ್ನ ನೋಡ್ಕೊಂಡು ಇದ್ದಿಲು ಹಾಕ್ಬೇಕು."

ಎಕ್ಸೆಲ್ ಶೀಟಿಗೆ ಇಲ್ಲದಿದ್ದ ಕಾಲಮ್ಮು ಇದೇ. ಬಟ್ಟೆ ಎಷ್ಟು? ಬ್ರಿಸ್ಕೆಟ್ ಎಂಬುದು ಗಟ್ಟಿ ನಾರಿನ ಮಾಂಸ. ಆ ನಾರು ಕರಗಿ ಮೆತ್ತಗಾಗಲು ಸಣ್ಣ ಶಾಖ, ಹತ್ತು ಹನ್ನೆರಡು ತಾಸು ಬೇಕು. ಅಷ್ಟು ಹೊತ್ತಿನ ಕೆಲಸಕ್ಕೆ ದಪ್ಪ ಗೋಡೆಯ ಗುಡಾಣದ ಮಿತವ್ಯಯ ನಿಜವೇ. ಬದನೆಕಾಯಿಗೆ ಕರಗಿಸಬೇಕಾದ ಹಟವೇನೂ ಇಲ್ಲ. ಅದಕ್ಕೆ ಬೇಕಾದ್ದು ಜೋರು ಕೆಂಡ, ಸಿಪ್ಪೆ ಕಪ್ಪಾಗುವಷ್ಟು ಹೊತ್ತು, ಆಮೇಲೆ ಹುಣಿಸೆರಸ, ಬೆಲ್ಲ, ಒಗ್ಗರಣೆ. ನಾಲ್ಕು ಬದನೆಕಾಯಿಯ ಗೊಜ್ಜಿಗಾಗಿ ಮೊದಲು 70 ಕಿಲೋ ಪಿಂಗಾಣಿಯನ್ನು ಕಾಯಿಸುವುದು ಯಾವ ಲೆಕ್ಕದ ಉಳಿತಾಯ? ಹಳದಿ ಕಾಲಮ್ಮಿನ ಚಾಂಪಿಯನ್ ನಮ್ಮ ಮನೆಯ ಮಟ್ಟಿಗೆ ಎಲ್ಲರಿಗಿಂತ ದುಂದುಗಾರ.

ಇಷ್ಟರಲ್ಲಿ ಮಗನ ಸಹೋದ್ಯೋಗಿಯೊಬ್ಬ ಊರು ಬಿಡುವವನಿದ್ದು, ತನ್ನ ಹಳೇ ಗುಡಾಣವನ್ನು ಬಿಟ್ಟಿಯಾಗಿ ಒಯ್ಯಿ ಎಂದ. ಬಿಟ್ಟಿ ಎಂಬ ಪದಕ್ಕೆ ನಾನೂ ಸ್ವಲ್ಪ ಕರಗಿದೆ. ನಮ್ಮವಳು ಕರಗಲಿಲ್ಲ.

"ಕಂಚು ಹಿತ್ತಾಳೆ ಆದ್ರೆ ಹುಣಿಸೆಹಣ್ಣು ಹಾಕಿ ತಿಕ್ಕಿ ಒಳಗೆ ತಗೋಬಹುದು. ಮಣ್ಣಿನ ಪಾತ್ರೆ ಒಂದು ಸಲ ಹೀರಿದ್ದು ಬಿಡಲ್ಲ."

"ಅಮ್ಮ, ಅದರೊಳಗೆ ಬೆಂಕೀನೇ ಉರಿಯತ್ತೆ. ಬೆಂಕಿಗೆ ಮೈಲಿಗೆ ಏನಮ್ಮ?"

"ಬೆಂಕಿಗಿಲ್ಲ. ಗುಡಾಣಕ್ಕಿದೆ."

ಶಾಸ್ತ್ರವೂ ಭೌತಶಾಸ್ತ್ರವೂ ಬೇರೆ ಬೇರೆ ಬಾಗಿಲಿನಿಂದ ಬಂದು ಒಂದೇ ತೀರ್ಪು ಕೊಟ್ಟ ಅಪರೂಪದ ಗಳಿಗೆ ಅದು. ಇನ್ನೂರು ಚಿಲ್ಲರೆ ಡಾಲರಿನ ಹೊಸ ಕೆಟಲ್ ಬಂತು. ಅದರ ಮೇಲೂ ಪಿಂಗಾಣಿಯ ಲೇಪವೇ ಇದೆ ಎಂಬ ಸಂಗತಿಯನ್ನು ಗಂಡಸರು ನಮ್ಮ ನಮ್ಮಲ್ಲೇ ಇಟ್ಟುಕೊಂಡಿದ್ದೇವೆ.

ಅಲ್ಲಿನ ಕನ್ನಡ ಕೂಟದ ಪಿಕ್‌ನಿಕ್ಕುಗಳಲ್ಲೂ ಈ ಮಡಿ ಪಾರ್ಕಿನ ತನಕ ನಡೆದುಬಂದಿದೆಯಂತೆ. ಪಾರ್ಕಿನವರು ನೆಟ್ಟ ಕಬ್ಬಿಣದ ಗ್ರಿಲ್ಲುಗಳಲ್ಲಿ ಒಂದು ಕೋಳಿಗೆ, ಒಂದು ಜೋಳಕ್ಕೆ. ಜೋಳದ ಗ್ರಿಲ್ಲಿಗೆ ಮೊದಲು ಅಲ್ಯೂಮಿನಿಯಂ ಫಾಯಿಲ್ ಉಡಿಸುತ್ತಾರೆ. ಹೊರನಾಡಿನಲ್ಲಿ ಫಾಯಿಲ್ ಮಡಿಪಂಚೆ ಇದ್ದ ಹಾಗೆ. ಒಳಗೆ ನಿನ್ನೆ ಏನಿತ್ತು ಎಂದು ಯಾರೂ ಕೇಳುವುದಿಲ್ಲ.

ಇನ್ನು ಇದ್ದಿಲು ಯಾವುದು? ಅಂಗಡಿಯಲ್ಲಿ ಎರಡು ಜಾತಿ. ಒಂದು ಮರದ ತುಂಡೇ ಇದ್ದಿಲಾದದ್ದು, ಲಂಪ್ ಅನ್ನುತ್ತಾರೆ. ಇನ್ನೊಂದು ದಿಂಬಿನಾಕಾರದ ಬ್ರಿಕೆಟ್. 1920ರ ದಶಕದಲ್ಲಿ ಮೋಟಾರು ಕಾರಿನ ಹೆನ್ರಿ ಫೋರ್ಡ್, ಮಾಡೆಲ್ ಟಿ ಕಾರಿಗೆ ಕೊಯ್ದ ಮರದ ಚೂರುಪಾರು ದಂಡವಾಗುವುದನ್ನು ನೋಡಲಾರದೆ, ಮಿಷಿಗನ್ನಿನಲ್ಲಿ ಅದನ್ನು ಇದ್ದಿಲು ಮಾಡಿಸಿ, ಪುಡಿಗೆ ಗಂಜಿ ಸೇರಿಸಿ ಅಚ್ಚೊತ್ತಿಸಿ, ಕಾರಿನ ಡೀಲರುಗಳ ಮೂಲಕವೇ ಮಾರಿಸಿದ. ಈಗಿನ ಕಿಂಗ್ಸ್‌ಫೋರ್ಡ್ ಅದರದೇ ಮುಂದುವರಿಕೆ. ಮಗ ಇದನ್ನು ದೊಡ್ಡ ಸಂಶೋಧನೆಯಾಗಿ ಹೇಳುತ್ತಿದ್ದರೆ ನಮ್ಮವಳು ನಗುತ್ತಿದ್ದಳು. ಚಾಮರಾಜಪೇಟೆಯ ಅವಳ ತೌರುಮನೆಯಲ್ಲಿ ಸೌದೆ ಡಿಪೋದಿಂದ ಬಂದ ಇದ್ದಿಲಿನ ಮೂಟೆ ಖಾಲಿಯಾದ ಮೇಲೆ ತಳದಲ್ಲುಳಿದ ಪುಡಿಗೆ ಸಗಣಿ ಕಲಸಿ, ಉಂಡೆ ಕಟ್ಟಿ, ತಾರಸಿಯ ಮೇಲೆ ಒಣಗಿಸುವುದು ಬೇಸಿಗೆ ರಜೆಯಲ್ಲಿ ಮಕ್ಕಳ ಪಾಲಿನ ಕೆಲಸ. ಫೋರ್ಡಿಗೆ ಕಾರು ಇತ್ತು, ಇವಳ ಅಜ್ಜಿಗೆ ಹಸು ಇತ್ತು. ವ್ಯತ್ಯಾಸ ಅಷ್ಟೇ.

ಉಳಿತಾಯದ ಉಳಿದ ಪಾಠಗಳೆಲ್ಲ ಫೋನಿನಲ್ಲೇ ನಡೆದವು. ಲೈಟರ್ ಎಣ್ಣೆ ಬೇಡ, ಬದನೆಕಾಯಿಗೆ ಪೆಟ್ರೋಲ್ ಬಂಕಿನ ವಾಸನೆ ಬರುತ್ತದೆ, ಕರ್ಪೂರ ಹಚ್ಚು. ಹಚ್ಚಿದ ನಾಲ್ಕು ಕೆಂಡ ಹಚ್ಚದ ರಾಶಿಯ ಮೇಲಿಡು, ಅದು ತಾನಾಗಿ ಇಳಿದುಕೊಳ್ಳುತ್ತದೆ. (ಈ ವಿಧಾನಕ್ಕೆ ಅಲ್ಲಿ ಜಿಮ್ ಮಿನಿಯನ್ ಎಂಬವರ ಹೆಸರಿದೆಯಂತೆ. ಪಕ್ಕದ ಮನೆಯಿಂದ ಸೌಟಿನಲ್ಲಿ ಕೆಂಡ ತಂದು ಒಲೆ ಹೊತ್ತಿಸಿದವರ ಹೆಸರನ್ನು ಯಾರೂ ಬರೆದಿಡಲಿಲ್ಲ.) ಗೊಜ್ಜಿನ ಬದನೆ ಸುಟ್ಟಾದ ಮೇಲೆ ಕೆಂಡ ಬಿಡಬೇಡ: ಜೋಳ ಇಡು, ಜೋಳವಾದ ಮೇಲೆ ಹಪ್ಪಳ, ಹಪ್ಪಳವಾದ ಮೇಲೆ ಬೂದಿಯೊಳಗೆ ಗೆಣಸು ಹೂತಿಡು. ಎಲ್ಲಾ ಮುಗಿದ ಮೇಲೆ ಮೇಲಿನ ಕೆಳಗಿನ ಕಿಂಡಿ ಎರಡೂ ಮುಚ್ಚು. ಗಾಳಿಯಿಲ್ಲದೆ ಕೆಂಡ ಆರಿ ಮತ್ತೆ ಇದ್ದಿಲಾಗುತ್ತದೆ. ಮುಂದಿನ ವಾರಕ್ಕೆ ಬಂತು. ಹಂಡೆ ಒಲೆಯ ಕೆಂಡಕ್ಕೆ ನೀರು ಚಿಮುಕಿಸಿ ನಮ್ಮಮ್ಮ ಅಗ್ಗಿಷ್ಟಿಕೆಗೆ ಇದ್ದಿಲು ಎತ್ತಿಡುತ್ತಿದ್ದುದೂ ಹೀಗೇ. ಒಟ್ಟಿನಲ್ಲಿ ಮಗನ ಹಿತ್ತಲಿನಲ್ಲಿ ಒಂದು ಮೂಟೆ ಮುಗಿಯುವುದೇ ಇಲ್ಲ ಎಂಬಂತಾಯಿತು. ಹಳದಿ ಕಾಲಮ್ಮಿನಲ್ಲಿ ಅವನು ಹೊಸ ಅಂಕಿ ತುಂಬಿ, ಹೆಮ್ಮೆಯಿಂದ ನನಗೆ ಕಳಿಸಿದ.

ಗೌರಿ ಹಬ್ಬ ಹತ್ತಿರ ಬಂದಾಗ ಫೋನು ಮಾಡಿದವಳು ಸೊಸೆ.

"ಅತ್ತೆ, ದೀಪದ ಕಂಬಗಳೆಲ್ಲ ಕಪ್ಪಾಗಿವೆ. ಇಲ್ಲಿಯ ಪೌಡರಿಗೆ ಹೋಗ್ತಾನೇ ಇಲ್ಲ."

"ಮನೇಲೇ ಬೂದಿ ಇದೆಯಲ್ಲಮ್ಮ! ಹುಣಿಸೆಹಣ್ಣು ತಿಕ್ಕಿ, ಮೇಲೆ ಬೂದಿ ಹಾಕಿ ಉಜ್ಜು. ಆ ಫೋರ್ಡಿನ ಉಂಡೆ ಬೂದಿ ಬೇಡ, ಏನೇನು ಸೇರಿಸಿರ್ತಾರೋ. ಸೌದೆ ಇದ್ದಿಲಿಂದೇ ಆಗಬೇಕು."

ಹಿಂದಿನಿಂದ ಮಗನ ದನಿ ಕೇಳಿಸಿತು: "ಅಮ್ಮ, ಲಂಪ್ ಇದ್ದಿಲಲ್ಲಿ ಬೂದೀನೇ ಬರಲ್ಲ. ಅದಕ್ಕೇ ಅಲ್ವಾ ಅದನ್ನ ಆರಿಸಿದ್ದು. ಇಡೀ ಬೇಸಿಗೆ ಸೇರಿ ಒಂದು ಲೋಟ ಆಗಿರಬಹುದು."

"ಸಾಲದು. ಆರತಿ ತಟ್ಟೆ, ಕಳಶದ ಚೊಂಬು, ಎರಡು ಜೊತೆ ದೀಪ. ಇವತ್ತೇ ಎರಡೂ ಕಿಂಡಿ ಪೂರ್ತಿ ತೆಗೆದು ಒಂದು ಮೂಟೆ ಸುಟ್ಟುಬಿಡಪ್ಪ."